ಎರಡೂ ಪಾಸ್, ಆದರೂ ಕಾರು ಫೇಲ್

ಜರ್ಮನಿಯಲ್ಲಿ ಒಬ್ಬರ ಹತ್ತಿರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿದೆ ಎಂದಿಟ್ಟುಕೊಳ್ಳಿ. ಕಾರು ನೆಲಕ್ಕೆ ಸ್ವಲ್ಪ ಹತ್ತಿರ ಕೂರಲಿ ಅಂತ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸುತ್ತಾರೆ. ಅದಕ್ಕೆ ಪರೀಕ್ಷೆಯಾದ ಸರ್ಟಿಫಿಕೇಟ್ ಇದೆ. ಜೊತೆಗೆ 18 ಇಂಚಿನ ಅಲಾಯ್ ಚಕ್ರ. ಅದಕ್ಕೂ ಸರ್ಟಿಫಿಕೇಟ್ ಇದೆ. ಎಲ್ಲ ಒಳ್ಳೆಯ ಮಾಲು, ಒಳ್ಳೆಯ ಗ್ಯಾರೇಜು. ಆದರೂ ಕಾರನ್ನು ಸುಮ್ನೆ ಹಾಗೇ ರಸ್ತೆಗೆ ಇಳಿಸಿದರೆ ಅದರ ಓಡಾಟದ ಪರವಾನಗಿಯೇ ಬಿದ್ದುಹೋಗಬಹುದು.

ಸರ್ಟಿಫಿಕೇಟ್ ತೆಗೆದು ಓದಿದರೆ ಕಾರಣ ಸಿಗುತ್ತದೆ. ಕಂಪನಿ ಕೊಟ್ಟ ಚಕ್ರಗಳೇ ಇದ್ದರೆ ಈ ಸ್ಪ್ರಿಂಗ್ ಸರಿ ಅಂತ ಒಂದರಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಕಾರು ಕಂಪನಿಯ ಎತ್ತರದಲ್ಲೇ ಇದ್ದರೆ ಈ ಚಕ್ರ ಸರಿ ಅಂತ ಇನ್ನೊಂದರಲ್ಲಿ. ಹುಡುಗನೂ ಒಳ್ಳೆಯವನು, ಹುಡುಗಿಯೂ ಒಳ್ಳೆಯವಳು. ಜಾತಕ ಮಾತ್ರ ಯಾರೂ ಕೂಡಿಸಿ ನೋಡಿಲ್ಲ.

ಕೂಡಿಸಿದರೆ ಏನಾಗುತ್ತದೆ? ಮೊದಲು ಚಕ್ರ ನೋಡೋಣ. ರಿಮ್ಮಿನ ಮೇಲೆ ಅಗಲದ ಪಕ್ಕದಲ್ಲೇ 'ಇಟಿ' ಅಂತ ಇನ್ನೊಂದು ಅಂಕಿ ಇರುತ್ತದೆ. ರಿಮ್ಮಿನ ನಡುಗೆರೆಯಿಂದ, ಬೋಲ್ಟ್ ಹಾಕುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅಂತ ಅದು ಹೇಳುತ್ತದೆ. ಹಳೇ ರಿಮ್ 6.5 ಇಂಚು ಅಗಲ, ಇಟಿ 50. ಹೊಸದು 7.5 ಇಂಚು, ಇಟಿ 45. ಒಂದಿಂಚು ಜಾಸ್ತಿಯಾದ ಅಗಲ ಎರಡೂ ಕಡೆಗೆ 12.7 ಮಿ.ಮೀ. ಹಂಚಿಹೋಗುತ್ತದೆ. ಇಟಿ 5 ಕಡಿಮೆಯಾದದ್ದರಿಂದ ಇಡೀ ಚಕ್ರ ಅಷ್ಟು ಹೊರಗೆ ಸರಿಯುತ್ತದೆ. ಅಲ್ಲಿಗೆ ಹೊರ ಅಂಚು 17.7 ಮಿ.ಮೀ. ಮಡ್‌ಗಾರ್ಡ್ ಕಡೆಗೆ, ಒಳ ಅಂಚು 7.7 ಮಿ.ಮೀ. ಶಾಕ್ ಅಬ್ಸಾರ್ಬರ್ ಕಡೆಗೆ ಬಂತು. ಕಾರು ಹಳೇ ಎತ್ತರದಲ್ಲೇ ಇದ್ದರೆ ಈ ಜಾಗ ಸಾಕಾಗುತ್ತಿತ್ತೇನೋ. ಈಗ ಬಾಡಿಯೇ 30 ಮಿ.ಮೀ. ಕೆಳಗೆ ಬಂದು ಚಕ್ರದ ನೆತ್ತಿಯ ಮೇಲೆ ಕೂತಿದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಯಲ್ಲಿ ಲಗೇಜು ತುಂಬಿ, ತಿರುವಿನಲ್ಲಿ ಒಂದು ಗುಂಡಿಗೆ ಇಳಿದರೆ ಟೈರು ಬಾಡಿಯ ತಗಡಿಗೆ ಉಜ್ಜುತ್ತದೆ.

ಸ್ಪ್ರಿಂಗಿನ ತಕರಾರು ಬೇರೆ ಥರದ್ದು. ತಗ್ಗಿಸಿದ ಕಾರಿಗೆ ಮೇಲೆ ಕೆಳಗೆ ಆಡಲು ಜಾಗ ಕಡಿಮೆ. ಹಾಗಾಗಿ ಸ್ಪ್ರಿಂಗ್ ಇನ್ನಷ್ಟು ಬಿಗಿ ಇರಬೇಕು, ಇಲ್ಲದಿದ್ದರೆ ಸಣ್ಣ ಗುಂಡಿಗೂ ಕೊನೆಯ ರಬ್ಬರಿಗೆ ಹೋಗಿ ಬಡಿಯುತ್ತದೆ. ಕೆಲವರು ಹಣ ಉಳಿಸೋಕೆ ಇದ್ದ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿಬಿಡುತ್ತಾರೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೆಲಸ ಮಾಡುವ 6 ಸುತ್ತಿನಲ್ಲಿ ಒಂದು ಹೋದರೆ ಬಿಗಿ ಶೇ. 20 ಹೆಚ್ಚು. ಲೆಕ್ಕ ಚೆನ್ನಾಗಿದೆ ಅನ್ನಿಸಬಹುದು. ಆದರೆ ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ತನ್ನ ತಟ್ಟೆಯಿಂದಲೇ ಜಾರಬಹುದು. ಗ್ಯಾಸ್ ಕಟ್ಟರಿನಲ್ಲಿ ಕುಯ್ದಿದ್ದರೆ ಆ ಜಾಗದ ಉಕ್ಕಿನ ಹದವೂ ಕೆಟ್ಟಿರುತ್ತದೆ. ಇದನ್ನು ಯಾವ ದೇಶದಲ್ಲೂ ಮಾಡಬೇಡಿ.

ಆದ್ದರಿಂದ ಆ ಗಾಲ್ಫ್ ಮಾಲೀಕರು ಕಾರನ್ನು ಟ್ಯೂಫ್, ಡೆಕ್ರಾ ಅಥವಾ ಅಂಥ ಇನ್ನೊಂದು ಮಾನ್ಯ ಸಂಸ್ಥೆಯ ತಪಾಸಣಾ ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿನ ಎಂಜಿನಿಯರ್ ಮೊದಲು ಓದುತ್ತಾರೆ. ರಿಮ್ಮಿನಲ್ಲಿ ಅಚ್ಚಾದ ಕೆಬಿಎ (ಜರ್ಮನಿಯ ಕೇಂದ್ರ ಮೋಟಾರು ವಾಹನ ಇಲಾಖೆ) ನಂಬರ್, ಟೈರಿನ ಭಾರದ ಸಂಖ್ಯೆ, ಸ್ಪ್ರಿಂಗ್ ಮೇಲಿನ ಗುರುತು, ಎಲ್ಲವೂ ಪತ್ರದ ಜೊತೆ ತಾಳೆಯಾಗಬೇಕು. ಟೈರಿನ ಮೇಲೆ 91 ಅಂತಿದ್ದರೆ ಅದು 615 ಕೆ.ಜಿ. ಹೊರಬಲ್ಲದು. ಆಕ್ಸಲ್ಲಿಗೆ ಅನುಮತಿಸಿದ ಭಾರ ಎರಡು ಟೈರಿನ 1,230 ಕೆ.ಜಿ.ಗಿಂತ ಜಾಸ್ತಿ ಇರಬಾರದು. ಬೋಲ್ಟನ್ನೂ ಬಿಚ್ಚಿಸಿ ನೋಡಬಹುದು. ಫೋಕ್ಸ್‌ವ್ಯಾಗನ್ನಿನ ಮೂಲ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಓರೆಯಾದದ್ದು ಬೇಕು. ತಪ್ಪು ಬೋಲ್ಟ್ ಹಾಕಿ ಎಷ್ಟೇ ಬಿಗಿದರೂ ಅದು ಕೂರುವುದು ಒಂದು ಸಣ್ಣ ಗೆರೆಯ ಮೇಲೆ, ಕ್ರಮೇಣ ಸಡಿಲವಾಗುತ್ತದೆ.

ಆಮೇಲೆ ನೋಡುವಂಥ ಭಾಗ. ಮುಂದಿನ ಬಲ ಚಕ್ರ ಮತ್ತು ಹಿಂದಿನ ಎಡ ಚಕ್ರ, ಹೀಗೆ ಮೂಲೆಗೆ ಮೂಲೆ ಎತ್ತರದ ದಿಮ್ಮಿಯ ಮೇಲೆ ಹತ್ತಿಸುತ್ತಾರೆ. ಕಾರು ತಿರುಚಿಕೊಂಡು ನಿಲ್ಲುತ್ತದೆ. ಎರಡು ಚಕ್ರ ಬಾಡಿಯೊಳಗೆ ಹೂತಿರುತ್ತವೆ, ಇನ್ನೆರಡು ಜೋತಾಡುತ್ತಿರುತ್ತವೆ. ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಟಾರ್ಚ್ ಹಿಡಿದು ಚಕ್ರದ ಗೂಡಿನೊಳಗೆ ನೋಡುತ್ತಾರೆ. ಪ್ಲಾಸ್ಟಿಕ್ ಮೇಲೆ ಉಜ್ಜಿ ಹೊಳಪಾದ ಗೆರೆ ಕಂಡರೆ ಅಲ್ಲಿಗೆ ಮುಗಿಯಿತು. ಜೋತಾಡುವ ಕಡೆ ಸ್ಪ್ರಿಂಗ್ ಕೈಗೆ ಅಲ್ಲಾಡಿದರೂ ಮುಗಿಯಿತು. ಟೈರು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತಿದೆಯಾ ಅಂತಲೂ ನೋಡುತ್ತಾರೆ. ಚಕ್ರದ ನೆತ್ತಿಯಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯವರೆಗೆ ಟೈರು ಮುಚ್ಚಿರಬೇಕು ಎಂಬುದು ಯುರೋಪಿನ ನಿಯಮ. ಕಾರು ತಗ್ಗಿದರೆ ಹೆಡ್‌ಲೈಟೂ ತಗ್ಗುತ್ತದೆ. ಅದು ನೆಲದಿಂದ 500 ಮಿ.ಮೀ.ಗಿಂತ ಕೆಳಗೆ ಬರುವಂತಿಲ್ಲ.

ಸ್ಪೀಡೋಮೀಟರ್ ಕಥೆಯನ್ನೂ ಹೇಳಿಬಿಡುತ್ತೇನೆ. ಗಾಲ್ಫಿನ 205/55 ಆರ್16 ಟೈರಿನ (ಅಗಲ 205 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 55, ರಿಮ್ 16 ಇಂಚು) ವ್ಯಾಸ ಸುಮಾರು 632 ಮಿ.ಮೀ. ಅದರ ಬದಲು 225/40 ಆರ್18 ಹಾಕಿದರೆ 637. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಆಸೆಪಟ್ಟು 245/45 ಆರ್18 ಹಾಕಿದರೆ 678. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಮೀಟರ್ ಮೊದಲು ಸರಿಯಿತ್ತು ಎಂದಾದರೆ, ಈಗ ಅದು 100 ತೋರಿಸುವಾಗ ನೀವು 107ರಲ್ಲಿ ಹೋಗುತ್ತಿರುತ್ತೀರಿ. ಮೀಟರ್ ಜಾಸ್ತಿ ತೋರಿಸಬಹುದು, ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ.

ಚಕ್ರ ಈ ಹಂತಕ್ಕೆ ಬರುವ ಮೊದಲೇ ಲ್ಯಾಬಿನಲ್ಲಿ ಏಟು ತಿಂದಿರುತ್ತದೆ. ಅದನ್ನು 13 ಡಿಗ್ರಿ ಓರೆಯಾಗಿ ಕೂರಿಸಿ, 230 ಮಿ.ಮೀ. ಎತ್ತರದಿಂದ ಅಂಚಿನ ಮೇಲೆ ಭಾರ ಬೀಳಿಸುತ್ತಾರೆ. ಎಷ್ಟು ಭಾರ? ಚಕ್ರ ಹೊರುವ ಗರಿಷ್ಠ ಭಾರದ 0.6 ಪಾಲಿಗೆ 180 ಕೆ.ಜಿ. ಕೂಡಿಸಿದಷ್ಟು. 500 ಕೆ.ಜಿ. ಹೊರುವ ಚಕ್ರಕ್ಕೆ 480 ಕೆ.ಜಿ. ಏಟು. ಒಂದು ನಿಮಿಷದೊಳಗೆ ಗಾಳಿಯೆಲ್ಲ ಹೋದರೆ ಫೇಲ್. ಬ್ರ್ಯಾಂಡಿನ ನಕಲು ಹಾಕಿಕೊಂಡು ಬರುವ ಅಗ್ಗದ ಅಲಾಯ್ ಈ ಏಟು ತಿಂದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ನನಗೆ ಭಯ ಇರುವುದು ಅಲ್ಲೇ.

ಇಷ್ಟೆಲ್ಲ ತಪಾಸಣೆಯ ಬೇರು ಇರುವುದು ಕಾರಿನಲ್ಲಲ್ಲ, ಉಗಿ ಬಾಯ್ಲರಿನಲ್ಲಿ. 1865ರಲ್ಲಿ ಮಾನ್‌ಹೈಮ್ ಊರಿನ ಬಿಯರ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿಯಿತು. ಮಾರನೇ ವರ್ಷ ಅಲ್ಲಿನ ಉದ್ಯಮಿಗಳೇ ಸೇರಿ ಬಾಯ್ಲರ್ ತಪಾಸಣಾ ಸಂಘ ಕಟ್ಟಿದರು. ಇಂದಿನ ಟ್ಯೂಫ್ ಸಂಸ್ಥೆಗಳು ಅಂಥ ಸಂಘಗಳಿಂದ ಬೆಳೆದವು.

ನಮ್ಮಲ್ಲಿ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ ಅಲಾಯ್ ಸಿಗುತ್ತದೆ. ಕಾನೂನು ಮಾತ್ರ ಬಲು ಬಿಗಿ. ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಬೇಡ ಅನ್ನುವುದು ಸುಲಭ. ಹಾಕಿಸಿ, ತೋರಿಸಿ, ಮುದ್ರೆ ಒತ್ತಿಸಿಕೊಳ್ಳುವ ಜರ್ಮನಿಯಂಥ ದಾರಿ ಇದ್ದಿದ್ದರೆ ಕತ್ತರಿಸಿದ ಸ್ಪ್ರಿಂಗುಗಳು ಕಡಿಮೆಯಾಗುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಕೆಲಸಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಆರ್‌ಸಿಯಲ್ಲಿ 22ನೇ ಅಂಕಣ ಓದಿ. ದಾಖಲಾದ ಮಾರ್ಪಾಡುಗಳು ಅಲ್ಲಿ ಇರುತ್ತವೆ. ಕಾರು ತಗ್ಗಿ ಕೂತಿದೆ, ಅಗಲದ ಚಕ್ರ ಇದೆ, ಅಂಕಣ ಮಾತ್ರ ಖಾಲಿ ಅಂದರೆ ತಪಾಸಣೆಯ ಪತ್ರ ಕೇಳಿ. ಸ್ಪ್ರಿಂಗಿಗೊಂದು, ಚಕ್ರಕ್ಕೊಂದು ಬೇರೆ ಬೇರೆ ಪತ್ರ ತೋರಿಸಿದರೆ, ಎರಡನ್ನೂ ಒಟ್ಟಿಗೆ ನೋಡಿ ಸಹಿ ಹಾಕಿದ್ದು ಎಲ್ಲಿ ಅಂತ ಕೇಳಿ. ಅದಿಲ್ಲದಿದ್ದರೆ ತಪಾಸಣೆ ಮಾಡಿಸಿಕೊಟ್ಟ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ.