ಮನೆ ನಿಮ್ಮದಿರಬಹುದು, ಮಗು ಇರುವುದೆಲ್ಲಿ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಒಂದು ಶಾಲಾ ಡಿಸ್ಟ್ರಿಕ್ಟಿನ (ಒಂದು ನಿಗದಿತ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ) ಪ್ರವೇಶ ಕಚೇರಿಯಲ್ಲಿ ಕುಳಿತು, ಮಕ್ಕಳನ್ನು ಪಬ್ಲಿಕ್ ಸ್ಕೂಲಿಗೆ, ಅಂದರೆ ಇಲ್ಲಿನ ಸರ್ಕಾರಿ ಶಾಲೆಗೆ, ಸೇರಿಸಲು ಬರುವ ಕುಟುಂಬಗಳ ವಾಸದ ದಾಖಲೆಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗ. ಯಾವ ಶಾಲೆಗೆ ಎಷ್ಟು ರೇಟಿಂಗ್, ಯಾವ ಬೀದಿ ದಾಟಿದರೆ ಮನೆಯ ಬೆಲೆ ಎಷ್ಟು ಏರುತ್ತದೆ ಎಂಬುದೆಲ್ಲ ಇಲ್ಲಿನ ಕನ್ನಡಿಗರಿಗೆ ನನಗಿಂತ ಚೆನ್ನಾಗಿ ಗೊತ್ತಿರುವುದರಿಂದ ಅದರ ಗೊಡವೆಗೆ ಹೋಗುವುದಿಲ್ಲ. ಒಂದು ವಿಷಯ ಮಾತ್ರ, ಎಷ್ಟು ಸಲ ಹೇಳಿದರೂ, ದೊಡ್ಡ ದೊಡ್ಡ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವವರ ತಲೆಗೂ ಹೋಗುತ್ತಿಲ್ಲ: ನಾವು ತಿಳಿಯಬೇಕಾಗಿರುವುದು ಮಗು ಎಲ್ಲಿ ವಾಸವಾಗಿದೆ ಎಂಬುದನ್ನು. ಕಾಗದಗಳು ಅದಕ್ಕೆ ಸಾಕ್ಷಿ, ಅಷ್ಟೆ.

ಫ್ರೀಮಾಂಟಿನ ಮಿಷನ್ ಸ್ಯಾನ್ ಹೊಸೆ ಭಾಗದಲ್ಲೋ ಕ್ಯುಪರ್ಟಿನೊದಲ್ಲೋ ಕಷ್ಟಪಟ್ಟು ಒಂದು ಕಾಂಡೋ (ಫ್ಲ್ಯಾಟು) ಕೊಂಡು, ಅದನ್ನು ಬಾಡಿಗೆಗೆ ಕೊಟ್ಟು, ತಾವು ಮಾತ್ರ ದೂರದ ಟ್ರೇಸಿಯಲ್ಲಿ ಅದಕ್ಕಿಂತ ದೊಡ್ಡ ಮನೆಯಲ್ಲಿರುವ ದಂಪತಿಗಳು ಇಂಥ ಕಚೇರಿಗಳಿಗೆ ಬಂದು ವಾದಿಸುವ ರೀತಿ ಎಲ್ಲೆಡೆ ಒಂದೇ. “ಮನೆ ನಮ್ಮ ಹೆಸರಲ್ಲಿದೆ, ಪ್ರಾಪರ್ಟಿ ಟ್ಯಾಕ್ಸ್ ನಾವೇ ಕಟ್ಟುತ್ತಿದ್ದೇವೆ, ನಮ್ಮ ಮಗುವಿಗೆ ಸೀಟು ಯಾಕಿಲ್ಲ?” ತೆರಿಗೆ ಕಟ್ಟುವುದು ಶಾಲೆಗೆ ಮುಂಗಡವಾಗಿ ಫೀಸು ಕಟ್ಟಿದಂತೆ ಎಂಬ ಭಾವನೆ ಇದರ ಹಿಂದಿದೆ. ಅದು ಹಾಗಲ್ಲ. ಆ ವಿಳಾಸದಿಂದ ಶಾಲೆಗೆ ಹೋಗುವ ಹಕ್ಕು ಆ ಕಾಂಡೋದಲ್ಲಿ ಬಾಡಿಗೆಗಿರುವ ಕುಟುಂಬದ ಮಗುವಿಗೆ ಸೇರಿದ್ದು. ಅವರು ಪ್ರಾಪರ್ಟಿ ಟ್ಯಾಕ್ಸಿನ ರಸೀದಿಯನ್ನೇ ಕಂಡಿರದಿದ್ದರೂ ಸರಿ, ನಿಮ್ಮ ಬಳಿ ಹತ್ತು ವರ್ಷದ ರಸೀದಿಗಳಿದ್ದರೂ ಸರಿ. ಹತ್ತು ಮನೆಗಳಿದ್ದರೆ ಹತ್ತು ಡಿಸ್ಟ್ರಿಕ್ಟುಗಳಲ್ಲಿ ಹಕ್ಕು ಹುಟ್ಟುವುದಿಲ್ಲ. ಅಂಚೆ ವಿಳಾಸದಲ್ಲಿರುವ ಊರಿನ ಹೆಸರೂ ಇದನ್ನು ತೀರ್ಮಾನಿಸುವುದಿಲ್ಲ: ಲಿನ್‌ಬ್ರುಕ್ ಹೈಸ್ಕೂಲ್ ಇರುವುದು ಸ್ಯಾನ್ ಹೊಸೆ ನಗರದೊಳಗೆ, ಸೇರಿರುವುದು ಫ್ರೀಮಾಂಟ್ ಯೂನಿಯನ್ ಡಿಸ್ಟ್ರಿಕ್ಟಿಗೆ, ಆ ಡಿಸ್ಟ್ರಿಕ್ಟಿಗೂ ಫ್ರೀಮಾಂಟ್ ನಗರಕ್ಕೂ ಯಾವ ಸಂಬಂಧವೂ ಇಲ್ಲ.

ರಾಜ್ಯದ ಶಿಕ್ಷಣ ಸಂಹಿತೆಯು ಪ್ರಾಪರ್ಟಿ ಟ್ಯಾಕ್ಸ್ ರಸೀದಿ, ಬಾಡಿಗೆ ಕರಾರು, ಕರೆಂಟು ಬಿಲ್ಲು, ಸಂಬಳದ ಚೀಟಿ ಮುಂತಾದವನ್ನು ವಾಸಕ್ಕೆ ಪುರಾವೆಯೆಂದು ಒಪ್ಪುತ್ತದೆ ಎಂಬುದು ನಿಜ, ಗೊಂದಲ ಹುಟ್ಟುವುದೂ ಇಲ್ಲಿಂದಲೇ. ಊರಿನಲ್ಲಿ ಭಾವನ ಮನೆಯ ವಿಳಾಸ ಕೊಟ್ಟು ಗ್ಯಾಸ್ ಕನೆಕ್ಷನ್ ತೆಗೆದುಕೊಂಡವರಿಗೆ, ಕೇಳಿದ ಕಾಗದ ಕೊಟ್ಟ ಮೇಲೆ ಕೆಲಸ ಮುಗಿಯಿತು ಅನ್ನಿಸುವುದು ಸಹಜ. ಆದರೆ ಕಾಗದಗಳೂ ಮಾತಾಡುತ್ತವೆ. ಇಲ್ಲಿನ ಕರೆಂಟು ಕಂಪನಿಯಾದ ಪಿಜಿ ಆ್ಯಂಡ್ ಇಯ ಬಿಲ್ಲಿನಲ್ಲಿ ಹೆಸರಿನ ಜೊತೆಗೆ ಬಳಕೆಯ ಲೆಕ್ಕವೂ ಇರುತ್ತದೆ. ಇಬ್ಬರು ಮಕ್ಕಳಿರುವ ನಾಲ್ವರ ಸಂಸಾರ ಇಡೀ ತಿಂಗಳಿಗೆ ಒಂದು ಫ್ರಿಜ್ಜಿಗಾಗುವಷ್ಟು ಕರೆಂಟು ಮಾತ್ರ ಸುಟ್ಟಿದೆಯೆಂದರೆ, ಅಲ್ಲಿ ಫ್ರಿಜ್ಜೊಂದೇ ವಾಸವಾಗಿದೆ ಎಂದೇ ಅರ್ಥ. ಮರುವಿಳಾಸಕ್ಕೆ ಕಳಿಸಬಾರದೆಂದು ಮುದ್ರಿಸಿದ ಲಕೋಟೆಯಲ್ಲಿ ನಾವು ಕಳಿಸುವ ಪತ್ರ ಹಾಗೆಯೇ ಹಿಂದಿರುಗಿ ಬಂದರೆ ಅದೂ ಕಡತ ಸೇರುತ್ತದೆ. ಇವೆಲ್ಲಕ್ಕಿಂತ ಮೊದಲು ಸತ್ಯ ಹೇಳಿಬಿಡುವವರು ಮಕ್ಕಳು. ಒಂದನೇ ತರಗತಿಯ ಹುಡುಗನೊಬ್ಬ, ಯಾರೂ ಕೇಳದಿದ್ದರೂ, “ಅದು ನಮ್ಮ ಲೆಟರ್ ಮನೆ, ಶನಿವಾರ ಹೋಗಿ ಲೆಟರ್ ತರ್ತೀವಿ” ಎಂದು ತನ್ನ ಟೀಚರಿಗೆ ಬಹಳ ಹೆಮ್ಮೆಯಿಂದ ವಿವರಿಸಿದ್ದ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನಗೆ ಹೆಚ್ಚು ಸಂಕಟವಾಗುವುದು, ನಿಜವಾಗಿಯೂ ನಮ್ಮ ಡಿಸ್ಟ್ರಿಕ್ಟಿನಲ್ಲೇ ಇರುವವರು ಸುಳ್ಳು ಕಾಗದ ಮಾಡಿಸಿಕೊಂಡು ಬಂದಾಗ. ದಾವಣಗೆರೆ ಕಡೆಯಿಂದ ಹೊಸದಾಗಿ ಬಂದ ಕುಟುಂಬವೊಂದು ತಾಯಿಯ ತಮ್ಮನ ಮನೆಯಲ್ಲಿ ಉಳಿದಿತ್ತು. ಕರೆಂಟು ಬಿಲ್ಲಿನಲ್ಲಿ ತಮ್ಮ ಹೆಸರಿಲ್ಲವಲ್ಲ ಎಂದು ಹೆದರಿ, ಅಂತರ್ಜಾಲದಿಂದ ನಮೂನೆ ಇಳಿಸಿಕೊಂಡು, ತಿಂಗಳಿಗೆ ಇಷ್ಟು ಡಾಲರ್ ಎಂದು ಬರೆದು, ಎರಡೂ ಕಡೆಯವರು ಸಹಿ ಹಾಕಿದ ಬಾಡಿಗೆ ಕರಾರನ್ನು ತಂದರು. ಬಾಡಿಗೆ ಸಂದಾಯವಾದ ಬ್ಯಾಂಕ್ ದಾಖಲೆ ಕೊಡಿ ಎಂದಾಗ ಜೊತೆಗೆ ಬಂದಿದ್ದ ತಮ್ಮನಿಗೆ ಅವಮಾನವಾದಂತಾಯಿತು. “ಅಕ್ಕನ ಹತ್ರ ಬಾಡಿಗೆ ತಗೊಳ್ತೀನಾ ಮೇಡಂ?” ಎಂದುಬಿಟ್ಟರು. ಅವರ ಮಾತಿನಲ್ಲಿದ್ದ ಸತ್ಯ ಕರಾರಿನಲ್ಲಿರಲಿಲ್ಲ. ಬೇರೆಯವರ ಮನೆಯಲ್ಲಿ ಉಳಿದ ಕುಟುಂಬಕ್ಕೆಂದೇ, ಮನೆಯವರೂ ಉಳಿದವರೂ ಕೂಡಿ ಸಹಿ ಮಾಡುವ ಘೋಷಣಾ ಪತ್ರವೊಂದು ಅದೇ ಕೌಂಟರಿನ ಮೇಲಿತ್ತು. ಅದನ್ನು ಕೇಳಿದ್ದರೆ ಸಾಕಾಗುತ್ತಿತ್ತು. ಮಗುವಿಗೆ ಸೀಟು ಸಿಕ್ಕಿತು, ಆದರೆ ನಡುವೆ ಎರಡು ವಾರದ ವಿಚಾರಣೆ ನಡೆಯಿತು. ಕೈಯಲ್ಲಿ ನಿಜವಿರುವಾಗ ಸುಳ್ಳನ್ನು ದುಡ್ಡು ಕೊಟ್ಟು ಪ್ರಿಂಟ್ ಮಾಡಿಸುವ ಈ ಬುದ್ಧಿ ಎಲ್ಲಿಂದ ಬರುತ್ತದೋ ನಾನರಿಯೆ.

ಕಷ್ಟಕ್ಕೆ ಸಿಕ್ಕಿ, ಮನೆ ಕಳೆದುಕೊಂಡು, ಬಂಧುಗಳ ಮನೆಯಲ್ಲೋ ಮೋಟೆಲಿನಲ್ಲೋ ದಿನ ದೂಡುತ್ತಿರುವವರಿಗೆ ಇನ್ನೂ ಬಲವಾದ ರಕ್ಷಣೆಯಿದೆ. 1987ರ ಮೆಕಿನಿ-ವೆಂಟೊ ಕಾಯ್ದೆಯ ಪ್ರಕಾರ ಅಂಥ ಮಗುವನ್ನು ದಾಖಲೆಗಳಿಲ್ಲದಿದ್ದರೂ ಕೂಡಲೇ ಸೇರಿಸಿಕೊಳ್ಳಬೇಕು. ಲೇಆಫ್ ಆದ ಮೇಲೆ ಗೆಳೆಯರ ಮನೆ ಸೇರಿದ ನಮ್ಮವರು ಈ ಮಾತನ್ನು ನಾಚಿಕೆಯಿಂದ ಬಾಯಿಬಿಡುವುದಿಲ್ಲ, ದಯವಿಟ್ಟು ಬಾಯಿಬಿಡಿ.

ಡಿಸ್ಟ್ರಿಕ್ಟುಗಳು ಇಷ್ಟು ಬಿಗಿಯಾಗಿರುವುದರ ಹಿಂದೆ ಹಣದ ಲೆಕ್ಕವೂ ಇದೆ. ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ ಮಕ್ಕಳ ಹಾಜರಾತಿಯ ಮೇಲೆ ರಾಜ್ಯದಿಂದ ಹಣ ಬರುತ್ತದೆ. ಸ್ಥಳೀಯ ಆಸ್ತಿ ತೆರಿಗೆಯೇ ಹಾಜರಾತಿ ಲೆಕ್ಕದ ಆ ಮೊತ್ತವನ್ನು ಮೀರುವ ಶ್ರೀಮಂತ ಡಿಸ್ಟ್ರಿಕ್ಟಿಗೆ ಮಾತ್ರ, ಹೆಚ್ಚುವರಿ ಮಗು ಬಂದರೂ ಹೆಚ್ಚುವರಿ ಹಣವಿಲ್ಲ. ಈ ಬಿಗಿ ಅತಿಯಾದದ್ದೂ ಉಂಟು. 2014ರಲ್ಲಿ ಬೇ ಏರಿಯಾದ ಒರಿಂಡಾ ಊರಿನ ಡಿಸ್ಟ್ರಿಕ್ಟಿನವರು, ಮನೆಯೊಂದರಲ್ಲೇ ಉಳಿದು ಮಗು ನೋಡಿಕೊಳ್ಳುತ್ತಿದ್ದ ಕೆಲಸದಾಕೆಯ ಮಗಳನ್ನು, ಖಾಸಗಿ ಪತ್ತೇದಾರರನ್ನು ಬಿಟ್ಟು ವಿಚಾರಿಸಿ, ಎರಡನೇ ತರಗತಿಯಿಂದ ಹೊರಹಾಕಲು ಹೊರಟಿದ್ದರು. ಸುದ್ದಿಯಾದ ಮೇಲೆ ನಿರ್ಧಾರ ಹಿಂದೆಗೆದುಕೊಂಡರು. ಮರುವರ್ಷ ಬಂದ ಕಾನೂನಿನಂತೆ ನಿರ್ದಿಷ್ಟ ಕಾರಣವಿಲ್ಲದೆ ತನಿಖೆ ನಡೆಸುವಂತಿಲ್ಲ, ಮಕ್ಕಳ ಫೋಟೊ ಕದ್ದು ತೆಗೆಯುವಂತಿಲ್ಲ. ನನ್ನ ವೃತ್ತಿಯವರಿಗೆ ಬೇಕಾಗಿದ್ದ ಕಡಿವಾಣವೇ ಅದು.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಓಹಿಯೊದ ಕೆಲ್ಲಿ ವಿಲಿಯಮ್ಸ್-ಬೋಲಾರ್ ಪ್ರಕರಣವನ್ನು ಎಲ್ಲರೂ ಎತ್ತುತ್ತಾರೆ. ಅಕ್ರನ್ನಿನ ಆ ತಾಯಿ ತನ್ನ ತಂದೆಯ ವಿಳಾಸ ಕೊಟ್ಟು ಹೆಣ್ಣುಮಕ್ಕಳಿಬ್ಬರನ್ನು ಪಕ್ಕದ ಡಿಸ್ಟ್ರಿಕ್ಟಿಗೆ ಸೇರಿಸಿದ್ದಕ್ಕೆ 2011ರಲ್ಲಿ ಹತ್ತು ದಿನಗಳ ಜೈಲು ಶಿಕ್ಷೆಗೆ ಗುರಿಯಾದಳು. ಅದೇ ವರ್ಷ ರಾಜ್ಯಪಾಲ ಜಾನ್ ಕೇಸಿಕ್ ಅಪರಾಧದ ದರ್ಜೆಯನ್ನು ಇಳಿಸಿದರು. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಅಷ್ಟಲ್ಲ, ಮಗುವಿನ ಹೆಸರು ತೆಗೆಯುವುದು. ಆದರೆ ನೀವು ಸಹಿ ಮಾಡುವ ಘೋಷಣೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಟ್ಟದ್ದಾಗಿರಬಹುದು. ಎಚ್-1ಬಿ ವೀಸಾದಲ್ಲಿರುವವರಿಗೆ, ಗ್ರೀನ್ ಕಾರ್ಡಿಗೆ ಕಾದಿರುವವರಿಗೆ ಅದರ ಪರಿಣಾಮ ಎಲ್ಲಿಯವರೆಗೆ ಹೋದೀತೆಂಬುದನ್ನು ಇಮಿಗ್ರೇಷನ್ ವಕೀಲರು ಹೇಳಬೇಕು. ನಾನು ವಕೀಲಳಲ್ಲ, ನಿಮ್ಮ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿರುವವರೂ ಅಲ್ಲ.

ನೇರ ದಾರಿಗಳಿವೆ, ಆದರೆ ಯಾವುದಕ್ಕೂ ಖಾತರಿಯಿಲ್ಲ. ಬೇರೆ ಡಿಸ್ಟ್ರಿಕ್ಟಿಗೆ ವರ್ಗಾವಣೆ ಪರವಾನಗಿ ಕೇಳಬಹುದು. ನಿರಾಕರಿಸಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಕೌಂಟಿ (ಜಿಲ್ಲಾ ಮಟ್ಟದ) ಶಿಕ್ಷಣ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ತಂದೆಯೋ ತಾಯಿಯೋ ಡಿಸ್ಟ್ರಿಕ್ಟಿನೊಳಗೆ ವಾರಕ್ಕೆ ಹತ್ತು ಗಂಟೆಯಾದರೂ ಖುದ್ದಾಗಿ ಕೆಲಸ ಮಾಡುತ್ತಿದ್ದರೆ, ಡಿಸ್ಟ್ರಿಕ್ಟು ಒಪ್ಪಿದಲ್ಲಿ ಅದೇ ಆಧಾರವಾದೀತು. ಮಗು ನಿಜವಾಗಿಯೂ ಅಜ್ಜಿಯ ಅಥವಾ ಚಿಕ್ಕಪ್ಪನ ಮನೆಯಲ್ಲೇ ಬೆಳೆಯುತ್ತಿದ್ದರೆ, ಮಗುವನ್ನು ನೋಡಿಕೊಳ್ಳುತ್ತಿರುವ ಆ ಬಂಧುಗಳೇ ಬರೆದುಕೊಡುವ ಪ್ರಮಾಣಪತ್ರವಿದೆ. ವರ್ಷದ ಮಧ್ಯೆ ಮನೆ ಬದಲಾಯಿಸಿದವರು ಆ ವಾರವೇ ಬಂದು ತಿಳಿಸಿದರೆ, ವರ್ಷ ಮುಗಿಯುವವರೆಗೆ ಅದೇ ಶಾಲೆಯಲ್ಲಿ ಮುಂದುವರಿಯಲು ಅನೇಕ ಡಿಸ್ಟ್ರಿಕ್ಟುಗಳು ಪರವಾನಗಿ ಕೊಡುತ್ತವೆ. ಮಾರ್ಚಿನಲ್ಲಿ ನಮ್ಮ ಪತ್ರ ಹಿಂದಿರುಗಿ ಬಂದ ಮೇಲೆ ಓಡಿಬಂದರೆ, ಅದೇ ಪರವಾನಗಿಯ ಅರ್ಜಿಯನ್ನು ಮೇಲಿನವರ ಮುಂದೆ ಇಡುವಾಗ ನಿಮ್ಮ ಪರವಾಗಿ ಹೇಳಲು ನನ್ನ ಬಳಿ ಹೆಚ್ಚೇನೂ ಇರುವುದಿಲ್ಲ.