ಬೆಂಬಲ ಬೆಲೆ, ಪಡಿತರ ಅಕ್ಕಿ ಮತ್ತು ಡಬ್ಲ್ಯುಟಿಒ ಲೆಕ್ಕ

ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಪಾಠ ಬಂದಾಗ, ಸಬ್ಸಿಡಿಗಳನ್ನು ವಿಂಗಡಿಸುವ ಹಸಿರು, ನೀಲಿ, ಅಂಬರ್ ಪೆಟ್ಟಿಗೆಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗಬೇಡಿ. ನಿಜವಾದ ಜಗಳ ಇರುವುದು ಸಬ್ಸಿಡಿ ಅಳೆಯುವ ಸೂತ್ರದಲ್ಲಿ. ಅಕ್ಕಿಯೊಂದನ್ನೇ ಹಿಡಿದು ನೋಡೋಣ.

ಸರ್ಕಾರ ರೈತರಿಂದ ಬೆಂಬಲ ಬೆಲೆಗೆ ಭತ್ತ ಕೊಳ್ಳುತ್ತದೆ. ಅದರ ಅಕ್ಕಿ ನ್ಯಾಯಬೆಲೆ ಅಂಗಡಿಗೆ ಹೋಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಹಳ್ಳಿಗಳಲ್ಲಿ ಶೇ 75ರವರೆಗೆ, ಪಟ್ಟಣಗಳಲ್ಲಿ ಶೇ 50ರವರೆಗೆ ಜನರಿಗೆ ಇದು ಹಕ್ಕು. ಬಡವರಿಗೆ ಅಗ್ಗವಾಗಿ ಹಂಚಿದರೆ ಡಬ್ಲ್ಯುಟಿಒ ತಕರಾರು ಮಾಡುವುದಿಲ್ಲ. ರೈತರಿಂದ ಕೊಳ್ಳುವ ಬೆಲೆ ಜಾಸ್ತಿಯಾದರೆ ಮಾತ್ರ ಅದನ್ನು ಸಬ್ಸಿಡಿ ಎಂದು ಎಣಿಸುತ್ತದೆ. ಅದು ಆ ಬೆಳೆಯ ಒಟ್ಟು ಮೌಲ್ಯದ ಶೇ 10 ದಾಟಬಾರದು. ಶ್ರೀಮಂತ ದೇಶಗಳಿಗೆ ಈ ಮಿತಿ ಶೇ 5. ನಮಗೇ ಲಾಭ ಅನ್ನಿಸುತ್ತದೆ, ಅಲ್ವಾ? ಆದರೆ 1995ರಲ್ಲಿ ಒಪ್ಪಂದ ಜಾರಿಗೆ ಬರುವ ಮುಂಚೆ ಭಾರಿ ಸಬ್ಸಿಡಿ ಕೊಡುತ್ತಿದ್ದ ದೇಶಗಳಿಗೆ ಈ ಮಿತಿಯ ಮೇಲೂ ದೊಡ್ಡ ಮೊತ್ತದ ಸಬ್ಸಿಡಿ ಕೊಡುವ ಅವಕಾಶ ಉಳಿಯಿತು. ಭಾರತಕ್ಕೆ ಅದಿಲ್ಲ.

ಈಗ ಸೂತ್ರ: ಬೆಂಬಲ ಬೆಲೆಯಿಂದ 1986–88ರ ಅಂತರರಾಷ್ಟ್ರೀಯ ಬೆಲೆ ಕಳೆಯಿರಿ, ಬಂದದ್ದನ್ನು ಧಾನ್ಯದ ಪ್ರಮಾಣದಿಂದ ಗುಣಿಸಿ. ಹೌದು, ಹೆಚ್ಚುಕಡಿಮೆ ನಾಲ್ಕು ದಶಕ ಹಿಂದಿನ ಬೆಲೆ. ಭಾರತದ ಅಕ್ಕಿಗೆ ಅದು ಕಿಲೋಗೆ 3.52 ರೂಪಾಯಿ.

2018–19ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,750 ರೂಪಾಯಿ. ಕ್ವಿಂಟಲ್ ಭತ್ತಕ್ಕೆ ಸುಮಾರು 67 ಕಿಲೋ ಅಕ್ಕಿ. ಅಂದರೆ ಅಕ್ಕಿ ಕಿಲೋಗೆ 26 ರೂಪಾಯಿ. 3.52 ಕಳೆದರೆ 22 ರೂಪಾಯಿಗೂ ಜಾಸ್ತಿ ‘ಸಬ್ಸಿಡಿ’! ಇದರಲ್ಲಿ ಬಹುಪಾಲು ಸುಮ್ನೆ ಹಣದುಬ್ಬರ.

ಭಾರತ ಲೆಕ್ಕ ಕೊಡುವುದು ಡಾಲರಿನಲ್ಲಿ. ಹಳೆಯ 3.52 ರೂಪಾಯಿ ಆಗಿನ ದರದಲ್ಲಿ 26 ಸೆಂಟ್. ಈ 26 ರೂಪಾಯಿ ಡಾಲರಿಗೆ 70ರಂತೆ 37 ಸೆಂಟ್. ವ್ಯತ್ಯಾಸ 11 ಸೆಂಟ್ ಮಾತ್ರ. ಸರ್ಕಾರ ಕೊಂಡ ಸುಮಾರು 440 ಲಕ್ಷ ಟನ್ನಿಗೆ ಗುಣಿಸಿದರೆ 500 ಕೋಟಿ ಡಾಲರ್ ಹತ್ತಿರ ಬರುತ್ತದೆ. ಭಾರತ ಡಬ್ಲ್ಯುಟಿಒಗೆ ತಿಳಿಸಿದ್ದೂ 500 ಕೋಟಿಯನ್ನೇ. ಅಕ್ಕಿಯ ಒಟ್ಟು ಮೌಲ್ಯ 4,367 ಕೋಟಿ ಡಾಲರ್. ಶೇ 11 ಚಿಲ್ಲರೆ ಆಯಿತು, ಮಿತಿ ದಾಟಿತು.

ಇನ್ನೊಂದು ಪ್ರಶ್ನೆ ಪ್ರಮಾಣದ್ದು. ಸರ್ಕಾರ ಕೊಂಡಷ್ಟನ್ನು ಲೆಕ್ಕ ಹಾಕಬೇಕೇ, ದೇಶದಲ್ಲಿ ಬೆಳೆದದ್ದೆಲ್ಲವನ್ನೇ? ಎಲ್ಲ ಬೆಳೆಯನ್ನೂ ಹಿಡಿದು, ರೂಪಾಯಿಯಲ್ಲೇ ಲೆಕ್ಕ ಹಾಕಿದ ಅಮೆರಿಕ, 2010–11ರಿಂದ 2013–14ರವರೆಗೆ ಭಾರತದ ಅಕ್ಕಿ ಬೆಂಬಲ ಶೇ 70 ದಾಟಿದೆ ಎಂದು 2018ರಲ್ಲಿ ವಾದಿಸಿತು. ಅದೇ ಭತ್ತ, ಅದೇ ರೈತ. ಅಳತೆಗೋಲು ಬದಲಾದರೆ ಸಾಕು, ದೇಶ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗಂತ ಎದುರು ವಾದವನ್ನು ಬಿಡಬೇಡಿ. ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ದೇಶ. ಬೆಂಬಲ ಪಡೆದ ಅಕ್ಕಿ ಹೊರಗೆ ಬಂದು ತಮ್ಮ ರೈತರ ಬೆಲೆ ಕೆಡಿಸುತ್ತದೆ ಎಂಬುದು ಥಾಯ್ಲೆಂಡಿನಂಥ ದೇಶಗಳ ದೂರು. ಅವರೂ ಶ್ರೀಮಂತರಲ್ಲ.

ಮಿತಿ ದಾಟಿದರೂ ಭಾರತದ ಮೇಲೆ ಕೇಸ್ ಏಕೆ ಬೀಳಲಿಲ್ಲ? 2013ರ ಡಿಸೆಂಬರಿನಲ್ಲಿ ಬಾಲಿಯ ಡಬ್ಲ್ಯುಟಿಒ ಸಭೆಯಲ್ಲಿ ಪಡೆದ ‘ಪೀಸ್ ಕ್ಲಾಸ್’ (ಕೇಸ್ ಹಾಕದಿರುವ ಒಪ್ಪಿಗೆ) ಕಾರಣ. ಷರತ್ತು ಪಾಲಿಸಿ ಲೆಕ್ಕ ಕೊಟ್ಟರೆ ಯಾರೂ ವಿವಾದ ಹೂಡುವಂತಿಲ್ಲ. 2014ರಲ್ಲಿ ಭಾರತ ಕಸ್ಟಮ್ಸ್ ಸುಧಾರಣೆಯ ಒಪ್ಪಂದವನ್ನು ತಡೆಹಿಡಿದು, ಶಾಶ್ವತ ಪರಿಹಾರ ಸಿಗುವವರೆಗೂ ಈ ರಕ್ಷಣೆ ಇರುತ್ತದೆ ಎಂದು ನವೆಂಬರಿನಲ್ಲಿ ಖಚಿತಪಡಿಸಿಕೊಂಡಿತು. ಇದನ್ನು ಮೊದಲು ಬಳಸಿದ ದೇಶವೂ ಭಾರತವೇ. ಶಾಶ್ವತ ಪರಿಹಾರ ಮಾತ್ರ 2024ರ ಅಬುಧಾಬಿ ಸಭೆಯಲ್ಲೂ ಸಿಗಲಿಲ್ಲ.

ಒಂದು ಸಾಲು ಅಡಿಗೆರೆ ಹಾಕಿಕೊಳ್ಳಿ: ಬಾಲಿ ರಕ್ಷಣೆ ಆ ದಿನಕ್ಕೆ ಜಾರಿಯಲ್ಲಿದ್ದ ಯೋಜನೆಗಳಿಗಷ್ಟೇ. ಆಫ್ರಿಕಾದ ಒಂದು ಬಡ ದೇಶ ಇವತ್ತು ಇಂಥದೇ ಪಡಿತರ ಸಂಗ್ರಹ ಶುರು ಮಾಡಿದರೆ ಅದಕ್ಕೆ ಈ ಕೊಡೆ ಇಲ್ಲ.