ಡಿಸ್ಚಾರ್ಜ್ ಪೈಪ್: ಗೀಸರ್‌ಗೆ ಓವರ್‌ಫ್ಲೋ ಎಂಬುದಿಲ್ಲ

"ಗೀಸರಿನ ಓವರ್‌ಫ್ಲೋದಲ್ಲಿ ನೀರು ಹನಿಯುತ್ತಿತ್ತು. ಕ್ಯಾಪ್ ಹಾಕಿಸಿದೆವು, ಈಗ ನಿಂತಿದೆ." ಕುಂಬಳೆಯಿಂದ ಮುಳ್ಳೇರಿಯದವರೆಗೆ ಹೊಸ ಮನೆ ಕಟ್ಟಿಸಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಒಂದು ಮನೆ ಒಕ್ಕಲಿನಲ್ಲಿ ಮತ್ತೆ ಕೇಳಿದೆ. ಹೇಳಿದವರಿಗೆ ಸಮಾಧಾನ, ನನಗೆ ಹೆದರಿಕೆ. ಅವರು ಮುಚ್ಚಿಸಿದ್ದು ಓವರ್‌ಫ್ಲೋ ಅಲ್ಲ, ಡಿಸ್ಚಾರ್ಜ್ ಪೈಪ್.

ತಾರಸಿಯ ಟ್ಯಾಂಕಿಗೆ ಓವರ್‌ಫ್ಲೋ ಉಂಟು. ಪಂಪ್ ಆಫ್ ಮಾಡಲು ಮರೆತರೆ ಅಲ್ಲಿಂದ ನೀರು ಬೀಳುತ್ತದೆ. ಗೀಸರ್ ಹಾಗೆ ತುಂಬಿ ಚೆಲ್ಲುವುದಿಲ್ಲ, ಏಕೆಂದರೆ ಅದು ಯಾವಾಗಲೂ ತುಂಬಿಯೇ ಇರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದಾಗ ತಣ್ಣೀರು ಒಳಗೆ ಬಂದು ಬಿಸಿನೀರನ್ನು ಹೊರಗೆ ತಳ್ಳುತ್ತದೆ, ಅಷ್ಟೆ.

ಹಾಗಾದರೆ ಹನಿಯುವುದು ಯಾವ ನೀರು? ಬಿಸಿಯಾದ ನೀರು ಹಿಗ್ಗುತ್ತದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 75 ಡಿಗ್ರಿಗೆ ಕಾಯಿಸಿದರೆ ಸುಮಾರು ಅರ್ಧ ಲೀಟರ್ ಹೆಚ್ಚಾಗುತ್ತದೆ. ಬಚ್ಚಲಿನ ಹಂಡೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಡಲು ಎಷ್ಟು ಉರಿಸಿದರೂ ಹಂಡೆಯ ಬಾಯಿ ತೆರೆದೇ ಇರುತ್ತದೆ. ಗೀಸರಿನ ಟ್ಯಾಂಕ್ ಎಲ್ಲ ಕಡೆ ಮುಚ್ಚಿದೆ. ತಣ್ಣೀರಿನ ಪೈಪಿನಲ್ಲಿ ಕೂರುವ ಸೇಫ್ಟಿ ವಾಲ್ವ್, ನೀರು ಹಿಂದಕ್ಕೆ ಹೋಗದಂತೆಯೂ ತಡೆಯುತ್ತದೆ. ಆಗ ಆ ಅರ್ಧ ಲೀಟರಿಗೆ ಹೋಗಲು ಜಾಗವಿಲ್ಲ. ಒತ್ತಡ ಏರುತ್ತದೆ. ವಾಲ್ವಿಗೆ ಗೊತ್ತುಮಾಡಿದ ಮಿತಿ, ಸಾಮಾನ್ಯವಾಗಿ 8 ಬಾರ್ (ಬಾರ್ ಎಂದರೆ ಒತ್ತಡದ ಅಳತೆ), ದಾಟಿದ ಕೂಡಲೇ ಅದು ಸ್ವಲ್ಪ ತೆರೆದು ನೀರನ್ನು ಹೊರಗೆ ಬಿಡುತ್ತದೆ. ಆ ನೀರು ಹೋಗುವ ದಾರಿಯೇ ಡಿಸ್ಚಾರ್ಜ್ ಪೈಪ್.

ಗೀಸರ್ ಎಂಬ ಹೆಸರು ಎಲ್ಲಿಂದ ಬಂತು ಎಂದು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಐಸ್‌ಲ್ಯಾಂಡಿನ ಹೌಕಾದಾಲೂರ್ ಕಣಿವೆಯಲ್ಲಿ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆ ಇದೆ. ಅಲ್ಲಿಯ ಭಾಷೆಯಲ್ಲಿ ರಭಸದಿಂದ ಚಿಮ್ಮುವುದು ಎಂಬ ಮಾತಿನಿಂದ ಬಂದ ಹೆಸರು ಅದು. ಒಂದು ಬುಗ್ಗೆಯ ಹೆಸರು ಆಮೇಲೆ ಅಂಥ ಎಲ್ಲ ಬುಗ್ಗೆಗಳಿಗೂ ಬಂತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತ ಸ್ನಾನದ ನೀರು ಕಾಯಿಸುವ ಗ್ಯಾಸ್ ಯಂತ್ರ ಮಾಡಿ ಅದಕ್ಕೂ ಗೀಸರ್ ಎಂದು ಕರೆದ. ಬ್ರಿಟನ್ನಿನ ಮನೆಮಾತಿನಲ್ಲಿ ಆ ಪದ ಈಗ ಹೆಚ್ಚುಕಡಿಮೆ ಮರೆತೇಹೋಗಿದೆ, ನಮ್ಮಲ್ಲಿ ಗಟ್ಟಿಯಾಗಿ ಉಳಿದಿದೆ. ಐಸ್‌ಲ್ಯಾಂಡಿನ ಬುಗ್ಗೆ ಚಿಮ್ಮುವುದು ಯಾಕೆ? ನೆಲದಡಿಯ ನೀರಿನ ಮೇಲೆ ನೀರಿನದೇ ಭಾರ ಕೂತಿರುತ್ತದೆ. ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಮೇಲಿನ ಭಾರ ಸ್ವಲ್ಪ ಕಡಿಮೆಯಾದರೆ ಸಾಕು, ಒಮ್ಮೆಲೇ ಹಬೆಯಾಗಿ ನುಗ್ಗುತ್ತದೆ. ಡಿಸ್ಚಾರ್ಜ್ ಪೈಪಿಗೆ ಕ್ಯಾಪ್ ಹಾಕಿದ ಗೀಸರಿನಲ್ಲಿ, ನೀರು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟೂ ಅದು ತಪ್ಪಿದರೆ ನಿಲ್ಲಿಸುವ ಕಟೌಟೂ ಕೈಕೊಟ್ಟರೆ ಆಗುವುದು ಇದೇ. 8 ಬಾರ್ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 175 ಡಿಗ್ರಿಗೆ. ಟ್ಯಾಂಕ್ ಒಡೆದರೆ ಅದರಲ್ಲಿ ಒಂದು ಪಾಲು ತಕ್ಷಣ ಹಬೆಯಾಗುತ್ತದೆ. ನೀರು ಹಬೆಯಾದಾಗ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಬಚ್ಚಲಿನ ಗೋಡೆ ಅದನ್ನು ತಡೆಯುವುದಿಲ್ಲ.

ಕಾಯುವಾಗ ಹನಿದು, ಕಾದ ಮೇಲೆ ನಿಂತರೆ ಅದು ಲೀಕ್ ಅಲ್ಲ. ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದೆ. ಸ್ವಿಚ್ ಹಾಕದಿದ್ದರೂ ಹಗಲೂ ರಾತ್ರಿ ಹನಿದರೆ ಮಾತ್ರ ದೋಷ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದಲೂ ಬರುವ ಒತ್ತಡ ಸುಮಾರು 1 ಬಾರ್. ಅಷ್ಟಕ್ಕೆ 8 ಬಾರಿನ ವಾಲ್ವ್ ತೆರೆಯುವುದಿಲ್ಲ ಅಲ್ವಾ? ಒಳಗೆ ಮಣ್ಣೋ ಮರಳೋ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ವಾಲ್ವ್ ಸವೆದಿರುತ್ತದೆ. ವಾಲ್ವ್ ಬದಲಾಯಿಸಿ. ಸುಮ್ನೆ ಕ್ಯಾಪ್ ಹಾಕಬೇಡಿ.

ಈ ಪೈಪಿನ ದಾರಿಯಲ್ಲಿ ಎಲ್ಲೂ ನಲ್ಲಿ ಇರಬಾರದು. ಉದ್ದಕ್ಕೂ ಇಳಿಜಾರು ಬೇಕು, ನಡುವೆ ಮೇಲಕ್ಕೆ ಹತ್ತಬಾರದು. ಬಾಯಿ ಕಣ್ಣಿಗೆ ಕಾಣುವ ಹಾಗೆ ಇರಬೇಕು. ಮನೆಯ ಹಿಂದೆ ಬಾಳೆಯ ಬುಡಕ್ಕೆ ಬಿಟ್ಟರೂ ಆದೀತು, ಆದರೆ ನೆಲದ ಹತ್ತಿರ ತಂದು ಬಿಡಿ. ಮೀಯುವವರ ತಲೆಯ ಮೇಲೆ ಬೇಡ. ಚರಂಡಿ ಪೈಪಿಗೆ ಸೇರಿಸಿ ಅಂಟಿಸಿದರೆ ಹನಿಯುವುದು ಯಾರಿಗೂ ಗೊತ್ತಾಗುವುದಿಲ್ಲ. ಬಿಳಿ ಪಿವಿಸಿ ಬಿಸಿಗೆ ಬಾಗುತ್ತದೆ, ಬಿಸಿ ತಾಳುವ ಸಿಪಿವಿಸಿ ಹಾಕಿಸಿ.

ಇಂಗ್ಲೆಂಡಿನಲ್ಲಿ ಮನೆ ಬೆಚ್ಚಗಿಡುವ ಬಾಯ್ಲರಿನಿಂದ ನೀರು ಹೊರಬಿಡುವ ಪೈಪ್ ಎರಡು ಹೊರಡುತ್ತವೆ. ಒತ್ತಡ ಹೆಚ್ಚಾದಾಗ ತೆರೆಯುವ ರಿಲೀಫ್ ವಾಲ್ವಿನದು ಸಾಮಾನ್ಯವಾಗಿ 15 ಮಿಲಿಮೀಟರಿನ ತಾಮ್ರದ್ದು. ಗೋಡೆ ದಾಟಿ ಹೊರಗೆ ಬಂದ ಮೇಲೆ, ದಾರಿಹೋಕರ ಮೇಲೆ ಹಾರದಂತೆ ಅದರ ಬಾಯಿಯನ್ನು ಮತ್ತೆ ಗೋಡೆಯ ಕಡೆಗೇ ತಿರುಗಿಸಿರುತ್ತಾರೆ. ಇನ್ನೊಂದು ಪ್ಲಾಸ್ಟಿಕ್ಕಿನದು. ಹೊಗೆ ತಣಿದು ಆಗುವ ಆಮ್ಲದ ನೀರು ಅದರಲ್ಲಿ ಹೋಗುತ್ತದೆ. ಆ ನೀರು ತಾಮ್ರವನ್ನು ತಿನ್ನುತ್ತದೆ. ಚಳಿಗಾಲದಲ್ಲಿ ಈ ಪೈಪ್ ಹೆಪ್ಪುಗಟ್ಟಿದರೆ ಬಾಯ್ಲರೇ ನಿಂತುಹೋಗುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಅಲ್ಲಿ ಕೆಲಸವೇ ಆಗದು.

ಡ್ರೈನ್ ಪೈಪ್ ಬೇರೆ. ಅದು ಟ್ಯಾಂಕ್ ಖಾಲಿ ಮಾಡಲು ಇರುವುದು. ನಲ್ಲಿ ಬೇಕೇ ಬೇಕು, ನಾವು ತೆರೆದಾಗ ಮಾತ್ರ ನೀರು ಬರಬೇಕು.

ಸೋಲಾರ್ ಹಾಕಿಸಿದವರು ವೆಂಟ್ ಪೈಪನ್ನೂ ಓವರ್‌ಫ್ಲೋ ಎನ್ನುತ್ತಾರೆ. ಒತ್ತಡವಿಲ್ಲದ ಮಾದರಿಯಲ್ಲಿ ಬಿಸಿನೀರಿನ ಟ್ಯಾಂಕಿನ ತಲೆಯಿಂದ ಮೇಲೇಳುವ ಪೈಪ್ ಇದು. ಗಾಳಿ ಮತ್ತು ಹಬೆ ಓಡಾಡಲು ಇರುವುದು. ಮುಚ್ಚಿದರೆ ನೀರು ಎಳೆಯುವಾಗ ಒಳಗೆ ಗಾಳಿ ಸಿಗದೆ ಟ್ಯಾಂಕ್ ಚಪ್ಪಟೆಯಾಗಬಹುದು. ಅದರಲ್ಲಿ ಸದಾ ನೀರು ಬರುತ್ತಿದ್ದರೆ ಸಾಮಾನ್ಯವಾಗಿ ಪೈಪ್ ಗಿಡ್ಡವಾಗಿದೆ ಎಂದು ಅರ್ಥ. ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಅದನ್ನು ಉದ್ದ ಮಾಡಿಸಿ, ಮಳೆ ಮತ್ತು ಕಸ ಬೀಳದಂತೆ ಬಾಯಿಯನ್ನು ಕೆಳಗೆ ಬಗ್ಗಿಸಿ.